ಮಡಿಸಬಲ್ಲ ನಾವೆ

ನೌಕಾಯಾನದ ಚರಿತ್ರೆಯೆಂದೊಡನೆ ದೂರದ ನೆಲಗಳನ್ನು ಮುಟ್ಟಿದ ನಾವಿಕರ ಹೆಸರುಗಳು ನೆನಪಿಗೆ ಬರುತ್ತವೆ. ನಾನು ಇಂದು ಹೇಳಹೊರಟಿರುವುದು ಒಂದು ಕೀಲಿನ ಕಥೆಯನ್ನು. ಅದಕ್ಕಾಗಿ ಬಾಳನ್ನೇ ಸವೆಸಿದ ಇಯಾನ್ ಫ್ಯಾರಿಯರ್ ಅವರ ಕಥೆಯನ್ನು.

‘ಕಟಮರಾನ್’ ಎಂಬ ಇಂಗ್ಲಿಷ್ ಶಬ್ದ ತಮಿಳಿನ ‘ಕಟ್ಟುಮರ’ದಿಂದ ಹುಟ್ಟಿದ್ದು, ಕನ್ನಡಿಗರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅದು ಎರಡು ಒಡಲುಗಳ ನಾವೆಯ ಹೆಸರು. ನಡುವೆ ಮುಖ್ಯ ಒಡಲು, ಇಕ್ಕೆಲಗಳಲ್ಲಿ ಎರಡು ಕಿರಿಯ ಒಡಲುಗಳಿದ್ದರೆ ಅದು ಟ್ರೈಮರಾನ್. ಒಂದೇ ಒಡಲಿನ ದೊಡ್ಡ ಹಾಯಿದೋಣಿ ಗಾಳಿಗೆ ಮಗುಚದಂತೆ ತಳದಲ್ಲಿ ಸೀಸದಂಥ ಭಾರವನ್ನು ಹೊತ್ತಿರಬೇಕು. ಟ್ರೈಮರಾನಿಗೆ ತನ್ನ ಅಗಲವೇ ಆಸರೆ. ಆದ್ದರಿಂದಲೇ ಅದು ಹಗುರ, ಅದರ ಓಟವೂ ಚುರುಕು. ಆದರೆ ನೀರಿನಲ್ಲಿ ಕಾಯುವ ಈ ಅಗಲವೇ ದಡದಲ್ಲಿ ಹೊರೆಯಾಗುತ್ತದೆ. ಅದು ರಸ್ತೆಗೆ ಹಿಡಿಸದು. ಬಂದರಿನಲ್ಲಿಯೂ ಹೆಚ್ಚು ಸ್ಥಳ ಬೇಡುತ್ತದೆ. ಬಂದರಿನ ಬಾಡಿಗೆ ತೆರಲಾರದವನಿಗೆ ಅಂಥ ನಾವೆ ಕನಸಿನ ಮಾತೇ ಸರಿ.

1947ರಲ್ಲಿ ನ್ಯೂಜಿಲೆಂಡಿನಲ್ಲಿ ಜನಿಸಿದ ಫ್ಯಾರಿಯರ್ ಆಸ್ಟ್ರೇಲಿಯಕ್ಕೆ ತೆರಳಿ, 1970ರ ದಶಕದಲ್ಲಿ ಈ ತೊಡಕಿಗೆ ಪರಿಹಾರ ಕಂಡುಕೊಂಡರು. ಒಡಲುಗಳನ್ನು ಬೆಸೆಯುವ ಅಡ್ಡತೊಲೆಗಳಿಗೂ ಅವುಗಳ ಕೆಳಗಿನ ಆಸರೆಗಳಿಗೂ ಕೀಲುಗಳನ್ನಿಟ್ಟರು. ಆಗ ಪಕ್ಕದ ಒಡಲುಗಳು ಕೆಳಗೆ ಇಳಿದು, ಒಳಗೆ ಸರಿದು, ರೆಕ್ಕೆ ಮುದುಡಿದ ಹಕ್ಕಿಯಂತೆ ನಡುವಿನ ಒಡಲಿಗೆ ಒತ್ತಿಕೊಂಡವು. ನೀರಿನ ಮೇಲೆ ತೇಲುತ್ತಿರುವಾಗಲೇ ನಾವೆಯನ್ನು ಮಡಿಸಬಹುದು. ಬಳಿಕ ಗಾಲಿಬಂಡಿಯ ಮೇಲಿರಿಸಿ, ಕಾರಿನ ಹಿಂದೆ ಕಟ್ಟಿ, ಮನೆಯಂಗಳಕ್ಕೆ ಒಯ್ಯಬಹುದು.

1984ರಲ್ಲಿ ಅವರು ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯದ ಚೂಲ ವಿಸ್ಟದಲ್ಲಿ ಜಾನ್ ವಾಲ್ಟನ್ ಅವರೊಡಗೂಡಿ, ಕೋರ್ಸೇರ್ ಮರೀನ್ ಸಂಸ್ಥೆಯಿಂದ ಎಫ್-27 ಎಂಬ ನಾವೆಯನ್ನು ಹೊರತಂದರು. ಬಿಚ್ಚಿದಾಗ ಅದರ ಅಗಲ ಸುಮಾರು 19 ಅಡಿ. ಮಡಿಸಿದಾಗ ಸುಮಾರು ಎಂಟೂವರೆ ಅಡಿ. ಅಂಥ ನಾವೆಗಳು 400ಕ್ಕೂ ಮಿಕ್ಕಿ ತಯಾರಾದವು. ಅದನ್ನೂ ಕೊಳ್ಳಲಾರದೆ ತಮ್ಮ ಕೈಯಿಂದಲೇ ಕಟ್ಟಿಕೊಳ್ಳಬಯಸಿದವರಿಗೆ ಫ್ಯಾರಿಯರ್ ತಮ್ಮ ವಿನ್ಯಾಸಗಳ ನಕ್ಷೆಗಳನ್ನು ಒದಗಿಸಿದರು.

ಕೊನೆಯ ವರ್ಷಗಳಲ್ಲಿ ಅವರು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಗೆ ಮರಳಿ, ಎಫ್-22 ಎಂಬ ಇನ್ನೂ ಚಿಕ್ಕ ನಾವೆಯ ನಿರ್ಮಾಣದಲ್ಲಿ ತೊಡಗಿದ್ದರು. 2017ರ ಡಿಸೆಂಬರಿನಲ್ಲಿ ತೀರಿಕೊಂಡರು. ನಲವತ್ತು ವರ್ಷಗಳಿಗೂ ಮೀರಿ ಒಂದೇ ವಿಚಾರವನ್ನು ತಿದ್ದುತ್ತ ಬಂದ ಈ ಬಾಳನ್ನು ನಾನು ಸಣ್ಣದೆಂದು ಎಣಿಸಲಾರೆ. ಕಡಲಿನಿಂದ ದೂರದ ಊರಿನಲ್ಲಿ ದುಡಿಯುವವನೊಬ್ಬ ರಜೆಯ ದಿನ ತನ್ನ ನಾವೆಯನ್ನು ಎಳೆದೊಯ್ದು ನೀರಿಗಿಳಿಸುತ್ತಾನೆ, ಸಂಜೆಗೆ ಮಡಿಸಿ ಮನೆಗೆ ತರುತ್ತಾನೆ. ಸಮುದ್ರಯಾನದ ಚರಿತ್ರೆಯಲ್ಲಿ ಅವನಿಗೂ ಒಂದು ಪುಟ ಸಲ್ಲಬೇಕು.