ಕಾಸಿಗೆ ತಕ್ಕ ಕಜ್ಜಾಯವೇ? ವಾಟರ್‌ಫರ್ಡಿನ ಎಂಟುನೂರು ವರ್ಷಗಳ ವೈನ್ ಲೆಕ್ಕ



ನಮ್ಮೂರ ಕಡೆ 'ವೈನ್ಸ್' ಎಂದು ಬೋರ್ಡು ಹಾಕಿದ ಅಂಗಡಿಗಳಲ್ಲಿ ಬ್ರಾಂದಿ, ವಿಸ್ಕಿ, ರಮ್ಮು ಎಲ್ಲವೂ ಸಿಗುತ್ತದೆ, ಹೆಚ್ಚುಕಡಿಮೆ ವೈನ್ ಒಂದನ್ನು ಬಿಟ್ಟು. ಹೀಗಾಗಿ ಐರ್ಲೆಂಡಿಗೆ ಬಂದ ನಮ್ಮಂಥವರು ಸೂಪರ್‌ಮಾರ್ಕೆಟ್ಟಿನ ವೈನ್ ಸಾಲಿನ ಮುಂದೆ ನಿಂತಾಗ ಮಾಡುವುದು ಒಂದೇ ಲೆಕ್ಕ. ಯಾರದೋ ಮನೆಗೆ ಊಟಕ್ಕೆ ಹೋಗಬೇಕು. ತೀರಾ ಅಗ್ಗದ್ದು ಒಯ್ದರೆ ಮರ್ಯಾದೆ ಹೋಗುತ್ತದೆ, ತೀರಾ ದುಬಾರಿಯದು ಒಯ್ದರೆ ದುಡ್ಡು ಹೋಗುತ್ತದೆ. ಆದ್ದರಿಂದ ಕೆಳಗಿನಿಂದ ಎರಡನೆಯ ಬೆಲೆಯ ಬಾಟಲಿಗೆ ಕೈ ಹಾಕುತ್ತೇವೆ. 'ಕಾಸಿಗೆ ತಕ್ಕ ಕಜ್ಜಾಯ' ಎಂಬ ಗಾದೆ ಹೇಗೂ ಬೆನ್ನಿಗಿದೆ.

ಆದರೆ ಈ ಗಾದೆ ವೈನಿನ ವಿಷಯದಲ್ಲಿ ಪೂರ್ತಿ ನಿಜವಲ್ಲ. ಯಾಕೆ ಎನ್ನುವುದಕ್ಕೆ ನಾನಿರುವ ವಾಟರ್‌ಫರ್ಡ್ ಊರಿನ ಚರಿತ್ರೆಯಲ್ಲೇ ಉತ್ತರವಿದೆ. ಕುಡಿಯದವರು ಪುಟ ಮುಚ್ಚಬೇಕಾಗಿಲ್ಲ. ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿದ ಜಿ. ಪಿ. ರಾಜರತ್ನಂ ಅವರೇ ಹೆಂಡ ಮುಟ್ಟಿದವರಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯುವವರಿಗೂ ಈ ಕಥೆಯಲ್ಲಿ ಪಾಲಿದೆ. ಇದು ಮುಖ್ಯವಾಗಿ ಸುಂಕದ ಕಥೆ.

ಒಬ್ಬ ರಾಜ, ಎರಡು ಬಂದರು

ವೈಕಿಂಗರು 914ರಲ್ಲಿ ನೆಲೆಯೂರಿದ ಊರು ವಾಟರ್‌ಫರ್ಡ್. 1152ರಲ್ಲಿ ಮುಂದೆ ಇಂಗ್ಲೆಂಡಿನ ರಾಜನಾಗಲಿದ್ದ ಎರಡನೆಯ ಹೆನ್ರಿ, ಅಕ್ವಿಟೇನಿನ ಎಲಿನೋರಳನ್ನು ಮದುವೆಯಾದ. ಆಕೆಯ ಜೊತೆಗೆ ಬೋರ್ಡೋ ಪಟ್ಟಣವೂ ಅದರ ದ್ರಾಕ್ಷಿತೋಟಗಳೂ ಬಂದವು. ಅದೇ ಹೆನ್ರಿ 1171ರ ಅಕ್ಟೋಬರಿನಲ್ಲಿ ಸೈನ್ಯದೊಂದಿಗೆ ವಾಟರ್‌ಫರ್ಡ್ ಹತ್ತಿರ ಬಂದಿಳಿದ. ಹೀಗೆ ವೈನ್ ಮಾಡುವ ಬೋರ್ಡೋ, ವೈನ್ ಇಳಿಸಿಕೊಳ್ಳುವ ವಾಟರ್‌ಫರ್ಡ್ ಎರಡೂ ಒಂದೇ ಕಿರೀಟದ ಕೆಳಗೆ ಸೇರಿದವು. 1453ರಲ್ಲಿ ಬೋರ್ಡೋ ಫ್ರೆಂಚರ ಪಾಲಾಗುವವರೆಗೆ, ಅಂದರೆ ಸುಮಾರು ಇನ್ನೂರ ಎಂಬತ್ತು ವರ್ಷ, ಈ ಸಂಬಂಧ ನಡೆಯಿತು. 1986ರಿಂದ 1992ರವರೆಗೆ ಊರಿನ ನಡುವೆ ನಡೆದ ಉತ್ಖನನದಲ್ಲಿ ನೈಋತ್ಯ ಫ್ರಾನ್ಸಿನ ಸ್ಯಾಂಟೋಂಜ್ ಪ್ರಾಂತದ ಹೂಜಿಗಳ ಚೂರುಗಳು ಸಿಕ್ಕಿವೆ. ವೈನ್ ಬಂದ ದಾರಿಯಲ್ಲೇ ಹೂಜಿಗಳೂ ಬಂದವು.

1185ರಲ್ಲಿ ಹೆನ್ರಿಯ ಮಗ ಜಾನ್ ಇದೇ ವಾಟರ್‌ಫರ್ಡಿನಲ್ಲಿ ಬಂದಿಳಿದಾಗ ಅವನ ಜೊತೆ ಥಿಯೊಬಾಲ್ಡ್ ವಾಲ್ಟರ್ ಎಂಬುವನಿದ್ದ. ಅವನಿಗೆ ಐರ್ಲೆಂಡಿನ 'ಬಟ್ಲರ್' ಪದವಿ ಸಿಕ್ಕಿತು. ಅಂದರೆ ರಾಜನ ಪಾನದ ಉಸ್ತುವಾರಿ. ಪದವಿಯೇ ಮನೆತನದ ಹೆಸರಾಯಿತು. ಮುಂದೆ ಆರ್ಮಂಡ್ ಅರ್ಲ್‌ಗಳಾಗಿ, 1391ರಲ್ಲಿ ಕಿಲ್ಕೆನಿ ಕೋಟೆಯನ್ನು ಕೊಂಡು, ಈ ಸೀಮೆಯನ್ನೇ ಆಳಿದ ಬಟ್ಲರರು ಇವರೇ. ಅವರ ಸಿರಿಗೆ ಒಂದು ಮುಖ್ಯ ಮೂಲ 'ಪ್ರೈಸೇಜ್' ಎಂಬ ಹಕ್ಕು. ವೈನ್ ಹೊತ್ತು ಬಂದರಿಗೆ ಬಂದ ದೊಡ್ಡ ಹಡಗಿನಿಂದ ಎರಡು ಪೀಪಾಯಿ, ಚಿಕ್ಕದರಿಂದ ಒಂದು ಪೀಪಾಯಿ ಅವರಿಗೆ ಸಲ್ಲಬೇಕು. ಎರಡಾದರೆ ಒಂದು ಹಾಯಿಕಂಬದ ಮುಂದಿನಿಂದ, ಇನ್ನೊಂದು ಹಿಂದಿನಿಂದ. ಪೀಪಾಯಿ ಎಂದರೆ ಚಿಕ್ಕದಲ್ಲ. 'ಟನ್' ಎಂದು ಕರೆಯುತ್ತಿದ್ದ ಅದರಲ್ಲಿ ಸುಮಾರು 950 ಲೀಟರ್, ಇಂದಿನ ಲೆಕ್ಕದಲ್ಲಿ 1,270 ಬಾಟಲಿ. ಹಡಗಿನ ಗಾತ್ರವನ್ನು ಇಂದಿಗೂ ಟನ್ನುಗಳಲ್ಲಿ ಹೇಳುವುದು ಈ ಪೀಪಾಯಿಯಿಂದಲೇ ಬಂದದ್ದು.

ಈಗ ಲೆಕ್ಕ ನೋಡಿ. ಇಪ್ಪತ್ತು ಪೀಪಾಯಿಯ ಹಡಗು ಎರಡು ಕೊಟ್ಟರೆ ಅದು ನೂರಕ್ಕೆ ಹತ್ತು. ನೂರು ಪೀಪಾಯಿಯ ಹಡಗು ಅದೇ ಎರಡು ಕೊಟ್ಟರೆ ನೂರಕ್ಕೆ ಎರಡು. ಸುಂಕವನ್ನು ಮೌಲ್ಯದ ಮೇಲೆ ಹಾಕದೆ ತಲೆ ಎಣಿಸಿ ಹಾಕಿದರೆ ಸಣ್ಣವನಿಗೇ ಪೆಟ್ಟು ಜಾಸ್ತಿ. ಈ ಹಕ್ಕು ಶತಮಾನಗಟ್ಟಲೆ ಬಟ್ಲರರ ಕೈಯಲ್ಲಿತ್ತು. ಕೊನೆಗೆ 1811ರಲ್ಲಿ ಸರ್ಕಾರ 2,16,000 ಪೌಂಡ್ ತೆತ್ತು ಅದನ್ನು ಅವರಿಂದ ಬಿಡಿಸಿಕೊಂಡಿತು.

ಮೇಯರನ ನೆಲಮಾಳಿಗೆ

ಇಷ್ಟು ಲಾಭವಿದ್ದ ಮೇಲೆ ಜಗಳ ಇಲ್ಲದಿರುತ್ತದೆಯೇ? ಶೂರ್ ಮತ್ತು ಬ್ಯಾರೋ ನದಿಗಳು ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಶೂರ್ ದಡದಲ್ಲಿ ವಾಟರ್‌ಫರ್ಡ್, ಬ್ಯಾರೋ ದಡದಲ್ಲಿ ನ್ಯೂ ರಾಸ್. ಒಳಬರುವ ಹಡಗು ಎಲ್ಲಿ ಸರಕು ಇಳಿಸಬೇಕು ಎಂಬುದೇ ವ್ಯಾಜ್ಯ. 1373ರ ಸುಮಾರಿಗೆ ವಾಟರ್‌ಫರ್ಡಿನವರು ತಮ್ಮ ಹಳೆಯ ಸನದುಗಳನ್ನೆಲ್ಲ ಜೋಡಿಸಿ, ರಾಜರ ಬಣ್ಣದ ಚಿತ್ರಗಳನ್ನು ಬರೆಸಿ, ಸುಮಾರು ನಾಲ್ಕು ಮೀಟರ್ ಉದ್ದದ ಚರ್ಮದ ಸುರುಳಿಯೊಂದನ್ನು ಸಿದ್ಧಮಾಡಿ ಮೂರನೆಯ ಎಡ್ವರ್ಡನ ಮುಂದೆ ತಮ್ಮ ವಾದ ಮಂಡಿಸಿದರು. ಆ 'ಗ್ರೇಟ್ ಚಾರ್ಟರ್ ರೋಲ್' ಈಗ 2012ರಲ್ಲಿ ತೆರೆದ ಇಲ್ಲಿನ ಮಧ್ಯಯುಗದ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಕಟ್ಟಡದ ಕೆಳಗೆ 15ನೆಯ ಶತಮಾನದ ಮೇಯರನ ವೈನ್ ನೆಲಮಾಳಿಗೆಯೂ ಇದೆ. ನಮ್ಮ ಕಡೆ ರಾಗಿಗೆ ಹಗೇವು ಇದ್ದ ಹಾಗೆ ಇಲ್ಲಿ ವೈನಿಗೆ ಕಲ್ಲಿನ ಕಮಾನಿನ ಕೋಣೆ. ಎರಡಕ್ಕೂ ಬೇಕಾದದ್ದು ಒಂದೇ: ತಂಪು, ಕತ್ತಲೆ. ವ್ಯತ್ಯಾಸವೆಂದರೆ ಹಗೇವು ರೈತನದು, ಈ ಮಾಳಿಗೆ ಮೇಯರನದು. ಬಡವರ ಪಾಲಿಗೆ ಇದ್ದದ್ದು ಏಲ್ ಎಂಬ ಬಾರ್ಲಿಯ ಪಾನೀಯ.

ಸುಂಕವೇ ರುಚಿ ಕಲಿಸಿತು

ಬಾಯಿರುಚಿ ನಮ್ಮ ಸ್ವಂತದ್ದು ಎಂದು ನಾವು ತಿಳಿದಿರುತ್ತೇವೆ. ಚರಿತ್ರೆ ಬೇರೆ ಹೇಳುತ್ತದೆ. 1703ರ ಮೆಥುಯೆನ್ ಒಪ್ಪಂದದಂತೆ ಇಂಗ್ಲೆಂಡಿನಲ್ಲಿ ಪೋರ್ಚುಗೀಸ್ ವೈನಿನ ಸುಂಕ ಫ್ರೆಂಚ್ ವೈನಿನದಕ್ಕಿಂತ ಮೂರನೆಯ ಒಂದು ಭಾಗ ಕಡಿಮೆಯಾಯಿತು. ನೋಡನೋಡುತ್ತ ಇಂಗ್ಲಿಷರು ಪೋರ್ಟ್ ಪ್ರಿಯರಾದರು. ಐರ್ಲೆಂಡಿನಲ್ಲಿ ಫ್ರೆಂಚ್ ವೈನಿನ ಮೇಲೆ ಅಷ್ಟು ಭಾರ ಬೀಳಲಿಲ್ಲ. ಆದ್ದರಿಂದ 18ನೆಯ ಶತಮಾನದುದ್ದಕ್ಕೂ ಇಲ್ಲಿನ ಉಳ್ಳವರ ಮೇಜಿನ ಮೇಲೆ ಬೋರ್ಡೋದ ಕ್ಲಾರೆಟ್ಟೇ ಮೆರೆಯಿತು. 1860ರಲ್ಲಿ ಫ್ರಾನ್ಸಿನೊಂದಿಗೆ ವ್ಯಾಪಾರ ಒಪ್ಪಂದವಾಗಿ ಗ್ಲ್ಯಾಡ್‌ಸ್ಟನ್ ಸುಂಕ ಇಳಿಸಿದ ಮೇಲೆ, ದಿನಸಿ ಅಂಗಡಿಯಲ್ಲೂ ಬಾಟಲಿ ಲೆಕ್ಕದಲ್ಲಿ ವೈನ್ ಮಾರಲು ಅವಕಾಶವಾಯಿತು. ಮಧ್ಯಮವರ್ಗದ ಮನೆಗೆ ವೈನ್ ಬಂದದ್ದು ಆಗ.

ಇದರ ನಡುವೆ ಇನ್ನೊಂದು ವಲಸೆ ನಡೆಯಿತು. ಕ್ರಾಮ್‌ವೆಲ್ಲನ ದಂಡಯಾತ್ರೆಯಲ್ಲಿ ವಾಟರ್‌ಫರ್ಡ್ 1650ರಲ್ಲಿ ಸೋತ ಮೇಲೆ, ಕ್ಯಾಥೊಲಿಕ್ ವರ್ತಕರಿಗೆ ಬದುಕು ಕಷ್ಟವಾಯಿತು. ಅನೇಕರು ಹಡಗು ಹತ್ತಿ ಕಾಡಿಜ್, ಮಲಗಾ, ಬೋರ್ಡೋ ಸೇರಿದರು. ಇಲ್ಲಿಂದ ಬೆಣ್ಣೆ, ಉಪ್ಪುಹಾಕಿದ ಮಾಂಸ ಹೋಯಿತು, ಅಲ್ಲಿಂದ ವೈನ್ ಬಂತು. ಐರ್ಲೆಂಡಿನ ಬೇರೆ ಭಾಗಗಳವರೂ ಹೋದರು. ಗಾಲ್ವೆಯ ಲಿಂಚ್ ಮನೆತನದ ಹೆಸರು 'ಲಿಂಚ್ ಬಾಜ್' ಬಾಟಲಿಯ ಮೇಲೆ ಇಂದಿಗೂ ಇದೆ, ತೋಟ ಕೈಬದಲಾಗಿ ಎರಡು ಶತಮಾನ ಕಳೆದರೂ. ಫರ್ಮಾನಾದಿಂದ 1720ರ ದಶಕದಲ್ಲಿ ಬೋರ್ಡೋಗೆ ಹೋದ ಥಾಮಸ್ ಬಾರ್ಟನ್ನನ ವಂಶದವರು 1821ರಲ್ಲಿ ಲಾಂಗೋವಾ, 1826ರಲ್ಲಿ ಲಿಯೋವಿಲ್ ತೋಟದ ಒಂದು ಪಾಲು ಕೊಂಡರು. ಇಂದಿಗೂ ಅವು ಅವರಲ್ಲೇ ಇವೆ. ಪರದೇಶದಲ್ಲಿ ನೆಲೆನಿಂತವರ ಕಥೆ ನಮಗೆ ಹೊಸದಲ್ಲವಲ್ಲ.

1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋ ದಲ್ಲಾಳಿಗಳು ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಹೇಗೆ ಗೊತ್ತೇ? ಕೂತು ರುಚಿ ನೋಡಿಯಲ್ಲ, ಮಾರುಕಟ್ಟೆಯಲ್ಲಿ ಆವರೆಗೆ ಸಿಕ್ಕ ಬೆಲೆ ನೋಡಿ. ಬೆಲೆಯಿಂದ ದರ್ಜೆ ಬಂತು. ಆಮೇಲೆ ದರ್ಜೆಯಿಂದ ಬೆಲೆ ಬಂತು. ಆ ಪಟ್ಟಿ ಇಂದಿಗೂ ಹೆಚ್ಚು ಬದಲಾಗಿಲ್ಲ. ದೊಡ್ಡ ಬದಲಾವಣೆ ಎಂದರೆ 1973ರಲ್ಲಿ ಮೂತೋನ್ ರೋಥ್‌ಶೀಲ್ಡ್ ಮೊದಲ ದರ್ಜೆಗೆ ಏರಿದ್ದು. ದುಬಾರಿ ಹೆಸರಿಗೆ ಕೊಡುವ ದುಡ್ಡಿನಲ್ಲಿ ಈ ಹಳೆಯ ದರಪಟ್ಟಿಯ ಬಡ್ಡಿಯೂ ಸೇರಿದೆ.

ವಾಟರ್‌ಫರ್ಡ್ ಎಂದೊಡನೆ ಜನಕ್ಕೆ ನೆನಪಾಗುವ ಗಾಜಿನ ಕಥೆಯೂ ಹೀಗೇ. 1783ರಲ್ಲಿ ಪೆನ್ರೋಸ್ ಮನೆತನದವರು ಕಾರ್ಖಾನೆ ತೆರೆದಾಗ ಐರಿಷ್ ಗಾಜಿಗೆ ಸುಂಕವಿರಲಿಲ್ಲ. 1825ರಲ್ಲಿ ತೂಕದ ಮೇಲೆ ಸುಂಕ ಬಿತ್ತು. ಆಳವಾಗಿ ಕೊರೆದ ಕೆತ್ತನೆಗೆ ದಪ್ಪ ಗಾಜೇ ಬೇಕು. ತೂಕ ಹೆಚ್ಚಿದಷ್ಟೂ ಸುಂಕ. 1851ರಲ್ಲಿ ಕಾರ್ಖಾನೆ ಮುಚ್ಚಿತು. 1947ರಲ್ಲಿ ಮತ್ತೆ ಹುಟ್ಟಿದ ಉದ್ಯಮ 2009ರಲ್ಲಿ ದಿವಾಳಿಯಾಗಿ, 2010ರಲ್ಲಿ ಚಿಕ್ಕ ರೂಪದಲ್ಲಿ ಊರಿನೊಳಗೆ ತೆರೆಯಿತು. ಅಂದ ಹಾಗೆ, ವೈನಿನ ಪರಿಮಳಕ್ಕೆ ಕೆತ್ತನೆಯ ಲೋಟ ಬೇಕಿಲ್ಲ. ಬಾಯಿ ಸ್ವಲ್ಪ ಕಿರಿದಾದ ತೆಳು ಗಾಜಿನ ಸಾದಾ ಲೋಟ ಸಾಕು.

ಇಂದಿನ ಪ್ರೈಸೇಜ್

ಈಗ ಅಂಗಡಿಗೆ ಬರೋಣ. 2012ರ ಡಿಸೆಂಬರ್ ಮತ್ತು 2013ರ ಅಕ್ಟೋಬರ್ ಬಜೆಟ್ಟುಗಳಲ್ಲಿ ಐರಿಷ್ ಸರ್ಕಾರ ಎರಡು ಸಲ ಏರಿಸಿದ ಮೇಲೆ, ಸಾಮಾನ್ಯ ವೈನ್ ಬಾಟಲಿಯೊಂದಕ್ಕೆ ಅಬಕಾರಿ ಸುಂಕ 3.19 ಯೂರೋ. ಬಾಟಲಿ ಎಂಟು ಯೂರೋದ್ದಾದರೂ ಎಂಬತ್ತರದಾದರೂ ಅಷ್ಟೇ. ಅದರ ಮೇಲೆ ಶೇಕಡ 23 ವ್ಯಾಟ್. ಹಾಯಿಕಂಬದ ಮುಂದೊಂದು, ಹಿಂದೊಂದು! 2022ರ ಜನವರಿ 4ರಿಂದ ಕನಿಷ್ಠ ಬೆಲೆಯ ಕಾನೂನೂ ಸೇರಿದೆ: ಒಂದು ಗ್ರಾಂ ಆಲ್ಕೊಹಾಲಿಗೆ 10 ಸೆಂಟ್. ಶೇಕಡ 12.5 ಬಲದ ಬಾಟಲಿ 7.40 ಯೂರೋಗಿಂತ ಕಡಿಮೆಗೆ ಮಾರುವಂತಿಲ್ಲ. ಕುಡಿತದ ಹಾನಿ ತಗ್ಗಿಸುವುದು ಇದರ ಉದ್ದೇಶ. ಆದರೆ ಇದು ತೆರಿಗೆಯಲ್ಲ, ಹೆಚ್ಚಿದ ಹಣದ ಬಹುಪಾಲು ಉಳಿಯುವುದು ಮಾರುವವರ ಕಡೆಯಲ್ಲೇ.

ಎರಡೂ ತೆರಿಗೆ ಕಳೆದು ಏನು ಉಳಿಯುತ್ತದೆ ಎಂದು ನೋಡಿದೆ. 8 ಯೂರೋ ಬಾಟಲಿಯಲ್ಲಿ ಉಳಿಯುವುದು 3.31. ಗಾಜು, ಬಿರಡೆ, ಹಡಗು, ಅಂಗಡಿಯ ಲಾಭ, ವೈನ್ ಎಲ್ಲ ಇದರಲ್ಲೇ. 12ರಲ್ಲಿ 6.57. 20ರಲ್ಲಿ 13.07. 36ರಲ್ಲಿ 26.08. ಅಂದರೆ ತೆರಿಗೆ ಕಳೆದ ಹಣ ಇಮ್ಮಡಿಯಾಗಬೇಕಾದರೆ ಮೊದಲ ಮೆಟ್ಟಿಲಿಗೆ 4 ಯೂರೋ ಹೆಚ್ಚು ಕೊಟ್ಟರೆ ಸಾಕು, ಎರಡನೆಯದಕ್ಕೆ 8, ಮೂರನೆಯದಕ್ಕೆ 16. ನನ್ನಂಥ ಕಂಪ್ಯೂಟರ್ ಕಸುಬಿನವನಿಗೆ ಈ ಸಂಖ್ಯೆಗಳು ಹಳೆಯ ನೆಂಟರು! ತೆರಿಗೆಯ ಪಾಲು 8 ಯೂರೋ ಬಾಟಲಿಯಲ್ಲಿ ನೂರಕ್ಕೆ 59 ಆದರೆ, 36ರದ್ದರಲ್ಲಿ 28 ಮಾತ್ರ.

ಹಾಗಾದರೆ ಯಾವ ಬಜೆಟ್ಟಿಗೆ ಏನು?

ಎಂಟರ ಮೆಟ್ಟಿಲಲ್ಲಿ ಹೆಸರಾಂತ ಊರುಗಳನ್ನು ಬಿಟ್ಟುಬಿಡಿ. ಅಗ್ಗದ ಬೋರ್ಡೋ, ಅಗ್ಗದ ಶಾಬ್ಲಿಗಿಂತ ದೊಡ್ಡ ತೋಟಗಳಲ್ಲಿ ಯಂತ್ರದಿಂದ ಕೊಯ್ಯುವ ಚಿಲಿ, ಸ್ಪೇನ್ ದೇಶದ ಎಳೆಯ ವೈನ್ ವಾಸಿ. ಈ ಬೆಲೆಯ ಸುತ್ತ ನೊರೆವೈನ್ ಬೇಡ, ಅದಕ್ಕೆ ಸುಂಕ ಇಮ್ಮಡಿ: 6.37. ಬೇಕೇ ಬೇಕೆಂದರೆ 'ಫ್ರಿಜಾಂಟೆ' ಎಂದು ಬರೆದ, ಕಡಿಮೆ ನೊರೆಯ, ದಾರ ಕಟ್ಟಿದ ಬಿರಡೆಯ ಪ್ರೊಸೆಕೊ ಕೊಳ್ಳಿ. ಅದಕ್ಕೆ ಸಾಮಾನ್ಯ ಸುಂಕವೇ.

ಹನ್ನೆರಡು ದಿನಬಳಕೆಯ ಚಿನ್ನದ ಮೆಟ್ಟಿಲು. ಪೋರ್ಚುಗಲ್ಲಿನ ಅಲೆಂತೇಜು, ದಾಂವ್, ಸ್ಪೇನಿನ ಗಾರ್ನಾಚಾ, ದಕ್ಷಿಣ ಫ್ರಾನ್ಸಿನ ಲಾಂಗ್ಡಾಕ್, ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್. ಇಪ್ಪತ್ತರಲ್ಲಿ ದೊಡ್ಡ ಹೆಸರಿನ ನೆರೆಮನೆಯವರನ್ನು ಹುಡುಕಿ: ಬೋರ್ಡೋದಲ್ಲೇ ಕೋಟ್ ದ ಬೂರ್, ಬೋಜೊಲೇಯ ಹತ್ತು ಹಳ್ಳಿಗಳ 'ಕ್ರೂ'ಗಳು, ಸ್ಪೇನಿನ ಒಣ ಶೆರ್ರಿ. ಮೂವತ್ತಾರರಿಂದ ಮೇಲೆ ಸುಂಕದ ಮೇಲೆ ತಪ್ಪು ಹೊರಿಸುವಂತಿಲ್ಲ. ಅಲ್ಲಿ ನೀವು ಕೊಡುವುದು ಹೆಸರಿಗೆ, ವಯಸ್ಸಿಗೆ, ಓಕ್ ಪೀಪಾಯಿಗೆ. ಹಬ್ಬಕ್ಕೆ ಸರಿ, ದಿನಕ್ಕಲ್ಲ.

ನಮ್ಮ ಊಟಕ್ಕೆ ಎರಡು ಮಾತು. ಬಿಸಿಬೇಳೆಬಾತಿನ ಖಾರದ ಎದುರು ಒಗರು ಹೆಚ್ಚಿರುವ ಕೆಂಪು ವೈನ್ ಬಾಯಿ ಉರಿಸುತ್ತದೆ. ತುಸು ಸಿಹಿಯ ರೀಸ್ಲಿಂಗ್ ಹೊಂದುತ್ತದೆ. ಸಸ್ಯಾಹಾರಿಗಳು 'ವೀಗನ್' ಗುರುತು ನೋಡಿ ಕೊಳ್ಳಿ. ವೈನ್ ತಿಳಿಮಾಡಲು ಮೊಟ್ಟೆಯ ಬಿಳಿ ಅಥವಾ ಮೀನಿನ ಗಾಳಿಚೀಲದ ಅಂಟು ಬಳಸುವುದುಂಟು. ಸಂಕೋಚಪಡದೆ ಅಂಗಡಿಯವರಿಗೆ ಎರಡೇ ವಿಷಯ ಹೇಳಿ: ಕೈಯಲ್ಲಿರುವ ದುಡ್ಡು, ಒಲೆಯ ಮೇಲಿರುವ ಅಡುಗೆ. ಇಷ್ಟವಾದದ್ದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ರುಚಿಯ ಪಟ್ಟಿಯನ್ನು 1855ರ ದಲ್ಲಾಳಿಗಳು ಬರೆದುಕೊಡಬೇಕಾಗಿಲ್ಲ.

ಗಾದೆಗೆ ಒಂದು ತಿದ್ದುಪಡಿ ಬೇಕು. ಕಡಿಮೆ ಕಾಸಿಗೆ ಸಿಗುವುದು ಅದಕ್ಕಿಂತಲೂ ಕಡಿಮೆ ಕಜ್ಜಾಯ. ಅಂದು ಇಪ್ಪತ್ತು ಪೀಪಾಯಿಯ ಸಣ್ಣ ವರ್ತಕ, ಇಂದು ಎಂಟು ಯೂರೋ ಎಣಿಸಿಕೊಡುವ ಹೊಸ ವಲಸಿಗ ಅಥವಾ ವಿದ್ಯಾರ್ಥಿ. ತಕ್ಕಡಿ ವಾಲುವುದು ಮಾತ್ರ ಒಂದೇ ಕಡೆಗೆ. ಸರ್ಕಾರದ ತಕ್ಕಡಿಯನ್ನು ನಾವು ಸರಿಮಾಡಲಾರೆವು. ಆದರೆ ಎಂಟು ಯೂರೋದ ಮೂರು ಬಾಟಲಿಯ ಬದಲು ಹನ್ನೆರಡರ ಎರಡು ಕೊಂಡರೆ ಖರ್ಚು ಅಷ್ಟೇ, ಸರ್ಕಾರಕ್ಕೆ ಹೋಗುವ ಸುಂಕ ಒಂದು ಬಾಟಲಿಯದು ಕಡಿಮೆ, ಕುಡಿತವೂ ಒಂದು ಬಾಟಲಿ ಕಡಿಮೆ, ರುಚಿ ಮಾತ್ರ ಹೆಚ್ಚು. ಬಟ್ಲರರಿಗೂ ಈ ಲೆಕ್ಕ ಒಪ್ಪಿಗೆಯಾಗುತ್ತಿರಲಿಲ್ಲ.