ನಾಗರಕನ ದಿನ, ಋತು ಮತ್ತು ಚಿತ್ರಫಲಕ

ಕ್ರಿಸ್ತಶಕ 3 ಅಥವಾ 4ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ವಾತ್ಸ್ಯಾಯನನ ಕಾಮಸೂತ್ರದಲ್ಲಿ ಏಳು ಅಧಿಕರಣಗಳಿದ್ದರೂ, ಅವುಗಳ ಪೈಕಿ ಎರಡನೆಯದೊಂದೇ ಲೋಕಪ್ರಸಿದ್ಧವಾದುದರಿಂದ ಉಳಿದ ಆರು ಅಧಿಕರಣಗಳನ್ನು ತೆರೆದು ನೋಡುವವರು ವಿರಳರಾದರು. ಸಾಮಾಜಿಕ ಇತಿಹಾಸದ ದೃಷ್ಟಿಯಿಂದ ಈ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗವು ಮೊದಲನೆಯ ಅಧಿಕರಣದ ನಾಲ್ಕನೆಯ ಅಧ್ಯಾಯವಾಗಿದ್ದು, ಅಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಕೈಯಲ್ಲಿ ಒಂದಿಷ್ಟು ಹಣವನ್ನಿಟ್ಟುಕೊಂಡು, ನಗರದಲ್ಲಿ ಹೊಸದಾಗಿ ಮನೆ ಹೂಡುವ ತರುಣನ ಬಾಳು ಹೇಗಿರಬೇಕೆಂಬುದನ್ನು ಶಾಸ್ತ್ರಕಾರನು ಹಾಸಿಗೆಯ ದಿಂಬಿನಿಂದ ಹಿಡಿದು ವಸಂತೋತ್ಸವದವರೆಗೆ ಕ್ರಮವಾಗಿ ವಿಧಿಸುತ್ತಾನೆ. ಈ ತರುಣನೇ ನಾಗರಕ. ಬಾಲ್ಯವನ್ನು ವಿದ್ಯೆಗೂ ಯೌವನವನ್ನು ಕಾಮಕ್ಕೂ ಮುಪ್ಪನ್ನು ಧರ್ಮಮೋಕ್ಷಗಳಿಗೂ ಮೀಸಲಿಡುವ ಆಯುಷ್ಯದ ಹಂಚಿಕೆಯನ್ನು ಗ್ರಂಥವು ಮೊದಲೇ ಹೇಳಿರುವುದರಿಂದ, ನಾಗರಕನ ಸುಖಜೀವನವು ಶಾಸ್ತ್ರದ ಕಣ್ಣಿನಲ್ಲಿ ಸೋಮಾರಿತನವಲ್ಲ, ಆ ವಯಸ್ಸಿಗೆ ಸಲ್ಲುವ ಕರ್ತವ್ಯವೇ ಆಗಿದೆ. ದಾನ, ಜಯ, ವ್ಯಾಪಾರ, ಕೂಲಿ ಇವುಗಳಿಂದ ಗಳಿಸಿದ ಹಣವಾಗಲಿ, ಹಿರಿಯರಿಂದ ಬಂದ ಆಸ್ತಿಯಾಗಲಿ ಇದಕ್ಕೆ ಆಧಾರವಾಗಬಹುದೆಂಬ ಮಾತಿನಿಂದ, ಈ ಜೀವನಕ್ರಮವನ್ನು ಒಂದೇ ವರ್ಣಕ್ಕೆ ಕಟ್ಟಿಹಾಕಿರಲಿಲ್ಲವೆಂಬುದೂ ತಿಳಿಯುತ್ತದೆ. ಆದರೆ ಹಣವಿಲ್ಲದವನಿಗೆ ಇಲ್ಲಿ ಜಾಗವಿರಲಿಲ್ಲ.

ಮನೆಯು ನೀರಿನ ಹತ್ತಿರದಲ್ಲಿರಬೇಕು, ಅದಕ್ಕೆ ಮರಗಳ ತೋಟವಿರಬೇಕು, ಕೆಲಸಕಾರ್ಯಗಳಿಗೆ ಬೇರೆಬೇರೆ ಕೋಣೆಗಳೂ ಮಲಗಲು ಎರಡು ಕೋಣೆಗಳೂ ಇರಬೇಕು. ಹೊರಗಿನ ಮಲಗುವ ಕೋಣೆಯಲ್ಲಿ ಎರಡೂ ತುದಿಗೆ ದಿಂಬುಗಳುಳ್ಳ, ನಡುವೆ ತುಸು ತಗ್ಗಿದ, ಬಿಳಿಯ ಹಚ್ಚಡ ಹೊದಿಸಿದ ಮೆತ್ತನೆಯ ಮಂಚ, ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಮಂಚ. ತಲೆಯ ಕಡೆಗಿರುವ ಜಗಲಿಯಂತಹ ವೇದಿಕೆಯ ಮೇಲೆ ರಾತ್ರಿ ಬಳಸಿ ಉಳಿದ ಗಂಧಲೇಪನ, ಹೂಮಾಲೆ, ಜೇನುಮೇಣದ ಕರಡಿಗೆ, ಸುಗಂಧದ ಪೊಟ್ಟಣ, ಬಾಯಿಯ ದುರ್ಗಂಧವನ್ನು ಕಳೆಯಲು ಮಾದಲ ಹಣ್ಣಿನ ಸಿಪ್ಪೆ, ತಾಂಬೂಲ. ನೆಲದ ಮೇಲೆ ಪೀಕದಾನಿ. ಗೋಡೆಯ ದಂತದ ಗೂಟಗಳಿಗೆ ತೂಗುಹಾಕಿದ ವೀಣೆ, ಚಿತ್ರ ಬರೆಯುವ ಹಲಗೆಯಾದ ಚಿತ್ರಫಲಕ, ಕುಂಚ ಮತ್ತು ಬಣ್ಣಗಳ ಸಂಪುಟ, ಯಾವುದಾದರೂ ಒಂದು ಪುಸ್ತಕ, ಬೇಗ ಬಾಡದ ಗೋರಟೆ ಹೂವಿನ ಮಾಲೆಗಳು. ಸ್ವಲ್ಪ ಆಚೆಗೆ ನೆಲದ ಮೇಲೆ ದುಂಡು ಹಾಸು, ಪಗಡೆ ಮತ್ತು ಜೂಜಿನ ಹಲಗೆಗಳು. ಹೊರಗೆ ಪಂಜರಗಳಲ್ಲಿ ಸಾಕುಹಕ್ಕಿಗಳು. ಒಂದು ಮೂಲೆಯಲ್ಲಿ ಮರ ಕೆತ್ತಿ ಕಡೆಯುವ ವಿನೋದಕ್ಕೆ ಪ್ರತ್ಯೇಕ ಸ್ಥಳ. ತೋಟದ ನೆರಳಿನಲ್ಲಿ ಉಯ್ಯಾಲೆ. ಯಾವುದಾದರೂ ಒಂದು ಪುಸ್ತಕ ಎಂದಷ್ಟೇ ಹೇಳಿ, ಯಾವ ಪುಸ್ತಕವೆಂಬುದನ್ನು ಹೇಳದಿರುವಲ್ಲಿ ಸೂತ್ರಕಾರನ ತುಟಿಯಂಚಿನ ನಗುವನ್ನು ಊಹಿಸುವುದು ತಪ್ಪಾಗಲಾರದು.

ಇದು ಶಾಸ್ತ್ರದ ಕೋಣೆ. ಇಂತಹ ಕೋಣೆ ವಾಸ್ತವದಲ್ಲಿ ಇದ್ದಿತೇ ಎಂಬ ಪ್ರಶ್ನೆಗೆ ಶೂದ್ರಕನ ಮೃಚ್ಛಕಟಿಕ ನಾಟಕದ ಮೂರನೆಯ ಅಂಕವು ಒಂದು ವಿಚಿತ್ರವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಉಜ್ಜಯಿನಿಯ ಚಾರುದತ್ತನ ಮನೆಗೆ ಕನ್ನ ಕೊರೆದು ಒಳಹೊಕ್ಕ ಶರ್ವಿಲಕನು ದೀಪದ ಬೆಳಕಿನಲ್ಲಿ ಸುತ್ತ ನೋಡಿದಾಗ ಮೃದಂಗ, ವೀಣೆ, ಕೊಳಲು, ಪುಸ್ತಕಗಳು ಮಾತ್ರ ಕಾಣಿಸಿ, ತಾನು ನಾಟ್ಯಾಚಾರ್ಯನೊಬ್ಬನ ಮನೆಗೆ ಬಂದೆನೇ, ಇಲ್ಲವೇ ಮನೆಯವನು ನಿಜವಾಗಿಯೂ ಬಡವನೇ ಎಂದು ಶಂಕಿಸುತ್ತಾನೆ. ಸಂಪತ್ತು ಕರಗಿಹೋದ ಮೇಲೂ ನಾಗರಕನ ಗೂಟದ ಮೇಲಿನ ವಸ್ತುಗಳು ಉಳಿದಿದ್ದವೆಂಬುದು, ಮತ್ತು ಅವುಗಳನ್ನು ಕಂಡ ಮಾತ್ರಕ್ಕೆ ಮನೆಯೊಡೆಯನ ಅಭಿರುಚಿಯನ್ನು ಅಳೆಯಲು ಕಳ್ಳನಿಗೂ ಬರುತ್ತಿತ್ತೆಂಬುದು, ನಾಟಕದ ಪ್ರೇಕ್ಷಕರಿಗೆ ಈ ಚಿತ್ರವು ಪರಿಚಿತವಾಗಿತ್ತೆಂಬುದನ್ನು ಸೂಚಿಸುತ್ತದೆ.

ನಾಗರಕನ ದಿನವು ಬೆಳಗಿನ ನಿತ್ಯಕರ್ಮ, ದಂತಧಾವನ, ಮಿತವಾದ ಅನುಲೇಪನ, ಧೂಪ, ಮಾಲೆ ಇವುಗಳಿಂದ ಮೊದಲಾಗಿ, ತುಟಿಗೆ ಅರಗಿನ ಕೆಂಪನ್ನೂ ಮೇಣವನ್ನೂ ಹಚ್ಚಿಕೊಂಡು, ಕನ್ನಡಿಯಲ್ಲಿ ಮುಖ ನೋಡಿಕೊಂಡು, ತಾಂಬೂಲ ಮೆಲ್ಲುತ್ತ ತನ್ನ ಕೆಲಸಗಳಿಗೆ ಹೊರಡುವುದರೊಂದಿಗೆ ಮುಂದುವರಿಯುತ್ತದೆ. ಸ್ನಾನ ಪ್ರತಿದಿನ, ಮೈ ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ, ನೊರೆ ಬರುವ ಫೇನಕದ ಬಳಕೆ ಮೂರು ದಿನಕ್ಕೊಮ್ಮೆ, ಕ್ಷೌರ ನಾಲ್ಕು ದಿನಕ್ಕೊಮ್ಮೆ ಎಂದು ಮೈಯ ಆರೈಕೆಗೆ ಒಂದು ಪಂಚಾಂಗವೇ ಇದೆ. ಊಟ ಪೂರ್ವಾಹ್ಣದಲ್ಲೊಮ್ಮೆ, ಅಪರಾಹ್ಣದಲ್ಲೊಮ್ಮೆ. ಎರಡನೆಯ ಊಟ ಸಂಜೆಗೆ ಇರಲೆಂದು ಚಾರಾಯಣನೆಂಬ ಹಿಂದಿನ ಆಚಾರ್ಯನ ಅಭಿಪ್ರಾಯವನ್ನು ಸೂತ್ರಕಾರನು ಅಷ್ಟೇ ಗಂಭೀರವಾಗಿ ದಾಖಲಿಸುತ್ತಾನೆ. ಊಟವಾದ ಮೇಲೆ ಗಿಳಿ ಗೊರವಂಕಗಳಿಗೆ ಮಾತು ಕಲಿಸುವುದು, ಲಾವಕ್ಕಿ, ಹುಂಜ, ಟಗರುಗಳ ಕಾಳಗ ನೋಡುವುದು, ಪೀಠಮರ್ದ, ವಿಟ, ವಿದೂಷಕರೆಂಬ ಮೂರು ಬಗೆಯ ಒಡನಾಡಿಗಳೊಂದಿಗೆ ಮಾತುಕತೆ, ಹಗಲುನಿದ್ದೆ, ಇಳಿಹೊತ್ತಿನಲ್ಲಿ ಅಲಂಕರಿಸಿಕೊಂಡು ಗೋಷ್ಠಿಗೆ ಹೋಗುವುದು, ಮುಸ್ಸಂಜೆಗೆ ಸಂಗೀತ. ಗೋಷ್ಠಿಯೆಂದರೆ ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸುಗಳಲ್ಲಿ ಸಮಾನರಾದವರು ಗಣಿಕೆಯ ಮನೆಯಲ್ಲೋ ಸಭಾಭವನದಲ್ಲೋ ಗೆಳೆಯನ ಮನೆಯಲ್ಲೋ ಕೂಡಿ ಕಾವ್ಯದ ಮತ್ತು ಕಲೆಯ ಸಮಸ್ಯೆಗಳನ್ನು ಬಿಡಿಸುವ ಕೂಟ. ಅಲ್ಲಿ ಬರಿಯ ಸಂಸ್ಕೃತದಲ್ಲೂ ಮಾತನಾಡಬಾರದು, ಬರಿಯ ದೇಶಭಾಷೆಯಲ್ಲೂ ಮಾತನಾಡಬಾರದು, ಎರಡನ್ನೂ ಹದವಾಗಿ ಬೆರೆಸುವವನೇ ಮನ್ನಣೆಗೆ ಪಾತ್ರನಾಗುತ್ತಾನೆ ಎಂಬ ವಿಧಿಯು, ಆ ಕಾಲದ ನಗರಗಳ ವಿದ್ಯಾವಂತ ತರುಣರು ಎರಡು ಭಾಷೆಗಳ ನಡುವೆ ಸಲೀಸಾಗಿ ಓಡಾಡುತ್ತಿದ್ದರೆಂಬುದಕ್ಕೆ ಒಳ್ಳೆಯ ಆಧಾರವಾಗಿದೆ.

ಇಷ್ಟು ಬಿಡುವಿನ ದಿನವೊಂದನ್ನು ನಡೆಸಲು ಎಷ್ಟು ಜನರ ದುಡಿಮೆ ಬೇಕಾಗುತ್ತಿತ್ತೆಂಬುದನ್ನು ಈ ಅಧ್ಯಾಯವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೈ ತಿಕ್ಕುವವನು, ಕ್ಷೌರಿಕ, ಮಾಲೆಗಾರ, ಗಂಧ ತೇಯುವವನು, ಹಚ್ಚಡ ಒಗೆಯುವ ಅಗಸ ಇವರಲ್ಲಿ ಹಲವರು ಬೇರೆ ಅಧ್ಯಾಯಗಳಲ್ಲಿ ನಾಗರಕನ ಮಿತ್ರರೋ ದೂತರೋ ಆಗಿ ಮುಖ ತೋರಿಸುತ್ತಾರೆಯೇ ಹೊರತು ಅವರ ದಿನಚರಿಯನ್ನು ಯಾರೂ ಬರೆದಿಡಲಿಲ್ಲ. ಹಳ್ಳಿಯಲ್ಲಿ ನೆಲೆಸಿದ ತರುಣನಿಗಾದರೋ ಒಂದು ಸಲಹೆ ಇದೆ: ಜಾತಿಬಾಂಧವರಲ್ಲಿ ಚುರುಕಾದವರಿಗೆ ನಗರದ ತರುಣರ ನಡವಳಿಕೆಯನ್ನು ಬಣ್ಣಿಸಿ ಆಸೆ ಹುಟ್ಟಿಸಿ, ತಾನೂ ಅದನ್ನೇ ಅನುಕರಿಸಬೇಕು. ಹಳ್ಳಿಯ ಹುಡುಗನು ಪಟ್ಟಣದ ಚಂದವನ್ನು ನೋಡಿ ಕಲಿಯುವ ಪರಿಪಾಠಕ್ಕೆ ಶಾಸ್ತ್ರದ ಒಪ್ಪಿಗೆ ಇಷ್ಟು ಹಿಂದೆಯೇ ದೊರೆತಿತ್ತು.

ದಿನದ ಈ ಕಟ್ಟುಪಾಡಿಗಿಂತ ವರ್ಷದ ಯೋಜನೆಯು ಇತಿಹಾಸಕಾರನಿಗೆ ಹೆಚ್ಚು ಉಪಯುಕ್ತವಾಗಿದೆ. ಪಕ್ಷಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಗೊತ್ತಾದ ದಿನ ಸರಸ್ವತಿಯ ಗುಡಿಯಲ್ಲಿ ಸಮಾಜವೆಂಬ ಸಭೆ ಸೇರುತ್ತಿತ್ತು. ಬೇರೆ ಊರುಗಳಿಂದ ಬಂದ ನಟರು ಅಲ್ಲಿ ಪ್ರದರ್ಶನ ನೀಡಿ ಮರುದಿನ ಗೊತ್ತಾದ ಸಂಭಾವನೆಯನ್ನು ಪಡೆಯುತ್ತಿದ್ದರು. ಮೆಚ್ಚುಗೆಯಾದರೆ ಇನ್ನೊಂದು ಪ್ರದರ್ಶನ, ಇಲ್ಲವಾದರೆ ಬೀಳ್ಕೊಡುಗೆ. ಉದ್ಯಾನಯಾತ್ರೆಗೆ ಬೆಳಿಗ್ಗೆಯೇ ಕುದುರೆಯೇರಿ ಹೊರಟು, ಸಂಜೆ ತೋಟದ ಹೂವನ್ನೋ ಚಿಗುರನ್ನೋ ಗುರುತಿಗೆ ಮುಡಿದು ಮರಳಬೇಕು. ಬೇಸಿಗೆಯಾದರೆ ಜಲಕ್ರೀಡೆ, ಆದರೆ ಮೊಸಳೆಗಳನ್ನು ಹಿಡಿದು ಹೊರಹಾಕಿದ ಕೊಳದಲ್ಲಿ ಮಾತ್ರ. ಇವುಗಳಲ್ಲದೆ ಊರಿಗೆ ಊರೇ ಕೂಡಿ ಆಡುವ ಸಮಸ್ಯಾಕ್ರೀಡೆಗಳಿವೆ. ಯಕ್ಷರಾತ್ರಿ, ಕೌಮುದೀಜಾಗರ, ಸುವಸಂತಕ ಇವು ಮೂರು ಎಲ್ಲ ನಾಡುಗಳಿಗೂ ಸಾಮಾನ್ಯವಾದವು. 13ನೆಯ ಶತಮಾನದ ವ್ಯಾಖ್ಯಾನಕಾರ ಯಶೋಧರನು ಇವುಗಳಲ್ಲಿ ಎರಡನೆಯದನ್ನು ಆಶ್ವಯುಜ ಹುಣ್ಣಿಮೆಯ ಜಾಗರಣೆಯೆಂದೂ ಮೂರನೆಯದನ್ನು ಮದನೋತ್ಸವವೆಂದೂ ಗುರುತಿಸುತ್ತಾನೆ. ಮಾವಿನ ಕಾಯಿಯನ್ನು ಮುರಿದು ತಿನ್ನುವ ಸಹಕಾರಭಂಜಿಕೆ, ತಾವರೆಯ ದಂಟನ್ನು ತಿನ್ನುವ ಬಿಸಖಾದಿಕೆ, ಮೊದಲ ಮಳೆಗೆ ಚಿಗುರಿದ ಕಾಡಿನಲ್ಲಿ ನಡೆಯುವ ನವಪತ್ರಿಕೆ, ಬಿದಿರಿನ ಕೊಳವೆಯಿಂದ ನೀರೆರಚುವ ಉದಕಕ್ಷ್ವೇಡಿಕೆ, ಹೂಬಿಟ್ಟ ಒಂದೇ ಬೂರುಗದ ಮರದ ಸುತ್ತ ಆಡುವ ಏಕಶಾಲ್ಮಲಿ, ಕದಂಬದ ಹೂವುಗಳನ್ನೇ ಆಯುಧವಾಗಿಸಿಕೊಂಡು ಕಾದುವ ಕದಂಬಯುದ್ಧ ಮುಂತಾದವು ಆಯಾ ಪ್ರದೇಶದ ಆಟಗಳು. ಈ ಪಟ್ಟಿಯಲ್ಲಿ ಬರುವ ಅಭ್ಯೂಷಖಾದಿಕೆಯೆಂದರೆ ಎಳೆಯ ಕಾಳನ್ನು ಬೆಂಕಿಯಲ್ಲಿ ಸುಟ್ಟು ಕೂಡಿ ತಿನ್ನುವುದು. ಉತ್ತರ ಕರ್ನಾಟಕದ ಹೊಲಗಳಲ್ಲಿ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ತಿನ್ನುವ ಸೀತನಿಯ ಕೂಟಗಳನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬಗಳ ದಿನಗಳನ್ನು ತಿಥಿಗಿಂತ ಹೆಚ್ಚಾಗಿ ಮರದ ಹೂವು, ಕಾಯಿ, ತೆನೆ, ಚಿಗುರುಗಳೇ ನಿರ್ಧರಿಸುತ್ತಿದ್ದ ಒಂದು ಕಾಲದ ಕುರುಹನ್ನು ಈ ಆಟಗಳು ಉಳಿಸಿಕೊಂಡಿವೆ.

ಸಮಾಜಗಳ ಚರಿತ್ರೆಯು ಕಾಮಸೂತ್ರಕ್ಕಿಂತ ಬಹಳ ಹಳೆಯದು. ಅಶೋಕನ ಮೊದಲನೆಯ ಬಂಡೆಶಾಸನವು ಸಮಾಜಗಳಲ್ಲಿ ದೋಷವನ್ನು ಕಂಡು ಅವುಗಳನ್ನು ನಡೆಸಬಾರದೆಂದು ಹೇಳುತ್ತಲೇ, ಕೆಲವು ಸಮಾಜಗಳು ಒಳ್ಳೆಯವೆಂದೂ ಒಪ್ಪುತ್ತದೆ. ಮುಂದಿನ ಅರಸರಿಗೆ ಈ ಸಂಕೋಚವಿರಲಿಲ್ಲ: ಕಳಿಂಗದ ಖಾರವೇಲನು ಹಾಥಿಗುಂಫಾ ಶಾಸನದಲ್ಲಿ ತಾನು ಆಳ್ವಿಕೆಯ ಮೂರನೆಯ ವರ್ಷ ನೃತ್ಯ, ಗೀತ, ವಾದ್ಯ, ಉತ್ಸವ, ಸಮಾಜಗಳಿಂದ ರಾಜಧಾನಿಯನ್ನು ರಂಜಿಸಿದೆನೆಂದು ಹೇಳಿಕೊಂಡಿದ್ದಾನೆ, ನಾಸಿಕದ ಗುಹಾಶಾಸನದಲ್ಲಿ ಗೌತಮೀ ಬಲಶ್ರೀಯು ತನ್ನ ಮಗನಾದ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯನ್ನು ಉತ್ಸವಗಳನ್ನೂ ಸಮಾಜಗಳನ್ನೂ ನಡೆಸಿದವನೆಂದು ಹೊಗಳಿದ್ದಾಳೆ. ಕನ್ನಡ ನಾಡಿನ ದೊಡ್ಡ ಭಾಗವನ್ನು ಒಳಗೊಂಡಿದ್ದ ಕುಂತಲದ ಹೆಸರು ಕಾಮಸೂತ್ರದಲ್ಲೇ ಬಂದರೂ ಅದು ಹೆಮ್ಮೆಪಡುವಂತಹ ಸಂದರ್ಭವಲ್ಲ. ಪ್ರಣಯದ ಉನ್ಮಾದದಲ್ಲಿ ಮಹಾದೇವಿ ಮಲಯವತಿಯ ಸಾವಿಗೆ ಕಾರಣನಾದ ಕುಂತಲ ಶಾತಕರ್ಣಿಯನ್ನು ಸೂತ್ರಕಾರನು ಎಚ್ಚರಿಕೆಯ ನಿದರ್ಶನವಾಗಿ ಕೊಟ್ಟಿದ್ದಾನೆ.

ಗೂಟಕ್ಕೆ ತೂಗುಹಾಕಿದ ಚಿತ್ರಫಲಕವನ್ನು ಇಂದಿನ ಕೋಣೆಯ ಗೋಡೆಯ ಚಿತ್ರಪಟದೊಂದಿಗೆ ಸಮೀಕರಿಸುವುದು ಸುಲಭವಾದರೂ ಸರಿಯಲ್ಲ, ಏಕೆಂದರೆ ಅದು ಮೊದಲಿಗೆ ನೋಡುವ ವಸ್ತುವಲ್ಲ, ಬರೆಯುವ ವಸ್ತು. ಬಣ್ಣದ ಸಂಪುಟವು ಅದರ ಪಕ್ಕದಲ್ಲಿಯೇ ಇರುವುದು ಇದೇ ಕಾರಣಕ್ಕೆ. ಚಿತ್ರಕಲೆಯು ಅರುವತ್ತನಾಲ್ಕು ಕಲೆಗಳಲ್ಲಿ ಒಂದಾಗಿದ್ದು, ಅದನ್ನು ಕಲಿಯಬೇಕಾದವರಲ್ಲಿ ಹೆಣ್ಣುಮಕ್ಕಳೂ ಸೇರಿದ್ದರು. ಕನ್ಯೆಯೊಬ್ಬಳ ಮನಸ್ಸನ್ನು ಗೆಲ್ಲಬಯಸುವವನು ಕೊಡಬೇಕಾದ ಕಾಣಿಕೆಗಳಲ್ಲಿ ಗೊಂಬೆಗಳ ಜೊತೆಗೆ ಅರಗಿನ ಕೆಂಪು, ಮನಃಶಿಲೆ, ಹರಿದಾಳ, ಇಂಗಳೀಕ, ಕಪ್ಪು ಮೊದಲಾದ ಬಣ್ಣಗಳನ್ನು ಗ್ರಂಥವು ಹೆಸರಿಸುತ್ತದೆ. ಇದೇ ಕಲಾಪಟ್ಟಿಗೆ ವ್ಯಾಖ್ಯಾನ ಬರೆಯುತ್ತ ಯಶೋಧರನು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬ ಚಿತ್ರದ ಆರು ಅಂಗಗಳನ್ನು ಎಣಿಸಿದನು. ಭಾರತೀಯ ಚಿತ್ರಕಲೆಯ ಕುರಿತು ಇಂದಿಗೂ ಎಲ್ಲರೂ ಉದ್ಧರಿಸುವ ಈ ಷಡಂಗಗಳು ತರುಣರ ಹವ್ಯಾಸವನ್ನು ವಿವರಿಸುವ ಟಿಪ್ಪಣಿಯಲ್ಲಿ ದೊರೆತವೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ನಾಟಕಗಳಲ್ಲಿ ಈ ಫಲಕವು ಕೈಯಿಂದ ಕೈಗೆ ದಾಟುತ್ತದೆ. ಮೃಚ್ಛಕಟಿಕದ ನಾಲ್ಕನೆಯ ಅಂಕದ ಆರಂಭದಲ್ಲಿ ವಸಂತಸೇನೆಯು ಚಾರುದತ್ತನ ಚಿತ್ರವನ್ನು ಹಿಡಿದು ಕುಳಿತಿರುತ್ತಾಳೆ. 7ನೆಯ ಶತಮಾನದ ಹರ್ಷನ ರತ್ನಾವಳಿಯಲ್ಲಿ, ಬಣ್ಣದ ನೀರೆರಚುವ ವಸಂತೋತ್ಸವದ ಸಂಭ್ರಮದಲ್ಲಿ ದೊರೆಯನ್ನು ಕಂಡ ಸಾಗರಿಕೆಯು ಗುಟ್ಟಾಗಿ ಅವನ ಚಿತ್ರವನ್ನು ಬರೆದರೆ, ಅದನ್ನು ಪತ್ತೆಹಚ್ಚಿದ ಗೆಳತಿ ಸುಸಂಗತೆಯು ಪಕ್ಕದಲ್ಲಿ ಸಾಗರಿಕೆಯದೇ ಚಿತ್ರವನ್ನು ಬರೆದುಬಿಡುತ್ತಾಳೆ. ಬಾಯಿಬಿಟ್ಟು ಹೇಳಲಾಗದ ಮಾತನ್ನು ಹಲಗೆಯ ಮೇಲೆ ಬರೆಯುವ ಈ ತಂತ್ರವನ್ನು ಸಂಸ್ಕೃತ ನಾಟಕಕಾರರು ಎಷ್ಟು ಬಾರಿ ಬಳಸಿದರೂ ಸಾಕೆನ್ನಲಿಲ್ಲ.

ಕನ್ನಡ ನಾಡಿನಲ್ಲಿ ಈ ಪರಂಪರೆಯ ಮುಂದುವರಿಕೆಯನ್ನು ಕಾಣಬೇಕಾದರೆ 11 ಮತ್ತು 12ನೆಯ ಶತಮಾನಗಳ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬರಬೇಕಾಗುತ್ತದೆ. ಚಂದ್ರರಾಜನು ಮದನತಿಲಕವೆಂಬ ಕೃತಿಯಿಂದ ಕಾಮಶಾಸ್ತ್ರವನ್ನು ಕನ್ನಡಕ್ಕೆ ತಂದದ್ದು ಈ ಅವಧಿಯಲ್ಲಿಯೇ. 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಇಪ್ಪತ್ತು ಉಪಭೋಗಗಳಿಗೂ ಇಪ್ಪತ್ತು ವಿನೋದಗಳಿಗೂ ಇಪ್ಪತ್ತು ಕ್ರೀಡೆಗಳಿಗೂ ಮೀಸಲಾಗಿದ್ದು, ಸ್ನಾನ, ತಾಂಬೂಲ, ಲೇಪನ, ಮಾಲೆ, ಋತುವಿಗೆ ತಕ್ಕ ಉಡುಗೆ ಇವೆಲ್ಲವೂ ನಾಗರಕನ ದಿನಚರಿಯನ್ನು ಅರಮನೆಯ ಅಳತೆಗೆ ಹಿಗ್ಗಿಸಿದಂತೆ ಕಾಣುತ್ತವೆ. ವನಕ್ರೀಡೆ, ಉಯ್ಯಾಲೆಯಾಟ, ನೀರೆರಚಾಟ, ಮರಳಿನ ಆಟ, ಬೆಳದಿಂಗಳ ಆಟಗಳೂ ಅಲ್ಲಿವೆ. ಆದರೆ ವ್ಯತ್ಯಾಸವು ಸಣ್ಣದಲ್ಲ: ವಾತ್ಸ್ಯಾಯನನ ಆಟಗಳಲ್ಲಿ ಖರ್ಚನ್ನೂ ಮನ್ನಣೆಯನ್ನೂ ಹಂಚಿಕೊಳ್ಳುವ ಸಮಾನರ ಗುಂಪಿದ್ದರೆ, ಸೋಮೇಶ್ವರನಲ್ಲಿ ಆಟದ ಕೇಂದ್ರವು ದೊರೆ, ಉಳಿದವರು ಅವನ ಪರಿವಾರ. ಚಿತ್ರದ ವಿಷಯದಲ್ಲಿಯೂ ಹಾಗೆಯೇ. ಗೋಡೆಯನ್ನು ಹದಗೊಳಿಸುವುದು, ಎಮ್ಮೆಯ ತೊಗಲನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ತಯಾರಿಸುವುದು, ಕುಂಚಗಳ ಬಗೆಗಳು, ಪುಡಿಬಣ್ಣಗಳಿಂದ ಬಿಡಿಸುವ ಧೂಳಿಚಿತ್ರ, ದ್ರವಬಣ್ಣದ ರಸಚಿತ್ರ ಇವುಗಳ ಕುರಿತು ಮಾನಸೋಲ್ಲಾಸವು ಕಾಮಸೂತ್ರಕ್ಕಿಂತ ಎಷ್ಟೋ ವಿಸ್ತಾರವಾಗಿ ಹೇಳುತ್ತದೆ, ಆದರೆ ಅಲ್ಲಿ ಕುಂಚ ಹಿಡಿಯುವವನು ಅರಮನೆಯ ಗೋಡೆಯ ಮುಂದೆ ನಿಂತ ನುರಿತ ಚಿತ್ರಕಾರನೇ ಹೊರತು, ಊಟವಾದ ಮೇಲೆ ಬಿಡುವಿರುವ ತರುಣನಲ್ಲ.