ಸೂರು ಮತ್ತು ಶೀಲ್ಡು: ಶಾಲಾ ಹೌಸ್ ಪದ್ಧತಿಯ ಇತಿಹಾಸದಲ್ಲಿ ಪಾಲನೆಯ ಪ್ರಶ್ನೆ

ಹೌಸ್ ಎಂದರೆ ನಮ್ಮ ಬಹುಪಾಲು ಪ್ರೌಢಶಾಲೆಗಳಲ್ಲಿ ಈಗ ಒಂದು ಬಣ್ಣದ ಟೀ ಶರ್ಟು, ಒಬ್ಬ ಕ್ಯಾಪ್ಟನ್, ವರ್ಷದ ಕೊನೆಗೆ ಒಂದು ಶೀಲ್ಡು. ಈ ಪದ್ಧತಿ ಹುಟ್ಟಿದ ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ಹುಡುಗರು ಹೌಸಿನಲ್ಲೇ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಜ್ವರ ಬಂದರೆ ಅಲ್ಲೇ ಆರೈಕೆ ಪಡೆಯುತ್ತಿದ್ದರು. ಮಕ್ಕಳನ್ನು ಅಂಕೆಯಲ್ಲಿಡುವುದು, ಅವರ ಯೋಗಕ್ಷೇಮ ನೋಡಿಕೊಳ್ಳುವುದು, ಎರಡೂ ಹೌಸಿನ ಕೆಲಸಗಳೇ. ಇವೆರಡೂ ಹೇಗೆ ಕೂಡಿಕೊಂಡವು, ಎಲ್ಲಿ ಬೇರೆಯಾದವು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಪದ್ಧತಿ ಶಾಲೆಯಿಂದ ಶಾಲೆಗೆ, ದೇಶದಿಂದ ದೇಶಕ್ಕೆ ಹೋದಾಗ ಸ್ಪರ್ಧೆ ಸಲೀಸಾಗಿ ಜೊತೆಗೆ ಹೋಯಿತು. ಪಾಲನೆ ಮಾತ್ರ ಸೂರು ಇದ್ದಲ್ಲೇ ಉಳಿಯಿತು ಎಂಬುದು ಇಲ್ಲಿನ ವಾದ.

ಡೇಮ್‌ಗಳ ಮನೆ, ಮೇಷ್ಟರ ಮನೆ

1382ರಲ್ಲಿ ವಿಲಿಯಂ ಆಫ್ ವೈಕಮ್ ಸ್ಥಾಪಿಸಿದ ವಿಂಚೆಸ್ಟರ್ ಕಾಲೇಜಿನಲ್ಲಿ 70 ವಿದ್ಯಾರ್ಥಿವೇತನದ ಹುಡುಗರಿದ್ದರು. ಅವರು ಮಲಗುತ್ತಿದ್ದ ಒಂದೊಂದು ಕೋಣೆಯಲ್ಲೂ ನಡತೆ ನೆಟ್ಟಗಿರುವ ಮೂವರು ಹಿರಿಯ ಹುಡುಗರು ಉಳಿದವರ ಓದಿನ ಮೇಲೆ ಕಣ್ಣಿಟ್ಟು, ತಪ್ಪು ಕಂಡರೆ ಮೇಲಿನವರಿಗೆ ತಿಳಿಸಬೇಕೆಂದು ಸಂಸ್ಥಾಪಕನ ಕಟ್ಟಳೆ ವಿಧಿಸಿತ್ತು. ಆರು ಕೋಣೆಗೆ 18 ಮಂದಿ. ಮುಂದೆ ಬಂದ ಪ್ರಿಫೆಕ್ಟರ ಮೂಲ ಇಲ್ಲಿದೆ. ಹಿರಿಯನಿಗೆ ಒಪ್ಪಿಸಿದ್ದು ಏಕಕಾಲಕ್ಕೆ ರಕ್ಷಣೆಯನ್ನೂ ಬೇಹುಗಾರಿಕೆಯನ್ನೂ ಎಂಬುದನ್ನು ಗಮನಿಸಬೇಕು.

1440ರಲ್ಲಿ ಆರನೆಯ ಹೆನ್ರಿ ಕಟ್ಟಿಸಿದ ಈಟನ್‌ನಲ್ಲೂ ಕಾಲೇಜಿನ ಖರ್ಚಿನಲ್ಲಿ ಓದುವವರು 70 ಮಂದಿಯೇ. ಶುಲ್ಕ ಕೊಟ್ಟು ಓದುವವರಿಗೆ ಒಳಗೆ ಜಾಗವಿರಲಿಲ್ಲ. ಊರಿನ ಮನೆಗಳಲ್ಲಿ ಬಿಡಾರ ಹೂಡಬೇಕಿತ್ತು. ಅಂಥ ಮನೆಗಳನ್ನು ನಡೆಸುತ್ತಿದ್ದವರಲ್ಲಿ ಅನೇಕರು ಹೆಂಗಸರು. ಅವರನ್ನು ‘ಡೇಮ್’ ಎನ್ನುತ್ತಿದ್ದರು. ಊಟ, ಬಟ್ಟೆ, ಕಾಯಿಲೆ ಎಲ್ಲವೂ ಅವರ ಪಾಲಿನದು. ಇವರ ಸಾಲಿನ ಕೊನೆಯವರಾದ ಜೇನ್ ಇವಾನ್ಸ್ ತೀರಿಕೊಂಡದ್ದು 1906ರಲ್ಲಿ. ಅಂದರೆ ಪಾಲನೆಯ ಹೊಣೆ ಬಹುಕಾಲ ಪಾಠ ಹೇಳುವವರ ಕೈಯಲ್ಲಿ ಇರಲೇ ಇಲ್ಲ.

ಇದನ್ನು ಬದಲಿಸಿದವರಲ್ಲಿ ಮುಖ್ಯನಾದವನು 1828ರಲ್ಲಿ ರಗ್ಬಿ ಶಾಲೆಯ ಮುಖ್ಯಸ್ಥನಾದ ಥಾಮಸ್ ಆರ್ನಲ್ಡ್. ವಸತಿಗೃಹಗಳನ್ನು ಆತ ಡೇಮ್‌ಗಳಿಂದ ಬಿಡಿಸಿ ಉಪಾಧ್ಯಾಯರಿಗೆ ವಹಿಸಿದ. ಕೊನೆಯ ತರಗತಿಯ ಹುಡುಗರಿಗೆ ಅಧಿಕಾರ ಕೊಟ್ಟು ಅವರ ಮೂಲಕವೇ ಶಾಲೆಯನ್ನು ಆಳಿದ. ಇದರಿಂದ ಪಾಠ, ದಂಡನೆ, ಆರೈಕೆ ಮೂರೂ ಒಬ್ಬನೇ ಮೇಷ್ಟರ ಕೈಸೇರಿದವು. ನಾಲ್ಕನೆಯದಾಗಿ ಲಾಭವೂ ಸೇರಿತು. ಹುಡುಗರ ಊಟ ವಸತಿಯ ಶುಲ್ಕದಲ್ಲಿ ಮಿಕ್ಕ ಹಣ ಹೌಸ್ ಮಾಸ್ಟರನ ಆದಾಯವಾದ್ದರಿಂದ, ಹೆಚ್ಚು ತಲೆಗಳನ್ನು ತುಂಬಿಸಿಕೊಳ್ಳುವ ಆಸೆ ಸಹಜವಾಗಿತ್ತು.

ಆ ಆಸೆಗೆ ಕಡಿವಾಣ ಹಾಕಿದವನು 1853ರಿಂದ 1887ರವರೆಗೆ ಅಪಿಂಗಮ್ ಶಾಲೆಯನ್ನು ನಡೆಸಿದ ಎಡ್ವರ್ಡ್ ಥ್ರಿಂಗ್. ಒಂದು ಹೌಸಿಗೆ ಸುಮಾರು 30 ಹುಡುಗರಷ್ಟೇ; ಪ್ರತಿಯೊಬ್ಬನಿಗೂ ಓದಿಕೊಳ್ಳಲು ಸ್ವಂತದ್ದೊಂದು ಪುಟ್ಟ ಕೋಣೆ; ಮಲಗುವ ಜಾಗಕ್ಕೆ ಅಡ್ಡಗೋಡೆ. ಬಡಿತ, ಹಿಂಸೆಗಳಿಗೆ ತುಂಬಿ ತುಳುಕುವ ಹಾಲ್‌ಗಳೇ ಕಾರಣವೆಂದು ನಂಬಿದ್ದ ಥ್ರಿಂಗ್‌ಗೆ ಗೋಡೆ ಬಾಗಿಲುಗಳೂ ಶಿಕ್ಷಣದ ಸಾಧನಗಳೇ. ಆದರೆ ಊರಿನ ಚರಂಡಿ ವ್ಯವಸ್ಥೆ ಕೆಟ್ಟು ಟೈಫಾಯಿಡ್ ಹಬ್ಬಿದಾಗ, 1876ರಲ್ಲಿ ಆತ ಇಡೀ ಶಾಲೆಯನ್ನು ವೇಲ್ಸ್‌ನ ಕಡಲತೀರದ ಬೋರ್ತ್ ಎಂಬ ಹಳ್ಳಿಗೆ ಸಾಗಿಸಿ, ಅಲ್ಲಿನ ಹೋಟೆಲು ಮತ್ತು ಬಾಡಿಗೆ ಮನೆಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಸಬೇಕಾಯಿತು. ಪಾಲನೆಯೆಂದರೆ ಉಪದೇಶವಷ್ಟೇ ಅಲ್ಲ, ನೀರು ಚರಂಡಿಗಳ ವಿಚಾರವೂ ಹೌದು ಎಂಬುದು ಈ ಪ್ರಸಂಗದಿಂದ ಸ್ಪಷ್ಟ.

ಕಾಟನ್ ಹಿಡಿದ ದಾರಿ

ಇದೇ ಪರಂಪರೆಯ ಒಂದು ಎಳೆ ನೇರವಾಗಿ ಬೆಂಗಳೂರಿಗೆ ಬಂದಿದೆ. ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ 1837ರಲ್ಲಿ ಆರ್ನಲ್ಡನ ಕೈಕೆಳಗೆ ರಗ್ಬಿಯಲ್ಲಿ ಉಪಾಧ್ಯಾಯನಾದವನು. 1857ರಲ್ಲಿ ಪ್ರಕಟವಾದ ಥಾಮಸ್ ಹ್ಯೂಸ್‌ನ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯ ತರುಣ ಮೇಷ್ಟರಿಗೆ ಈತನೇ ಮಾದರಿ ಎನ್ನುತ್ತಾರೆ. 1852ರಲ್ಲಿ ಆತ ಮಾರ್ಲ್‌ಬರೋ ಕಾಲೇಜಿನ ಮುಖ್ಯಸ್ಥನಾದಾಗ ಅಲ್ಲಿನ ಹುಡುಗರು ಹಿಂದಿನ ವರ್ಷವಷ್ಟೇ ದಂಗೆ ಎದ್ದಿದ್ದರು. ಪಟಾಕಿ ಸಿಡಿಸಿ, ಕಿಟಕಿ ಗಾಜು ಒಡೆದು, ಆಡಳಿತವನ್ನು ತಲೆಕೆಳಗು ಮಾಡಿದ್ದರು. ಕಡಿಮೆ ಶುಲ್ಕದ ಆ ಶಾಲೆಯಲ್ಲಿ ಬೇರೆ ಬೇರೆ ಮನೆ ಕಟ್ಟಿಸುವಷ್ಟು ಹಣವಿರಲಿಲ್ಲ. ಕಾಟನ್ ಪ್ರಿಫೆಕ್ಟರನ್ನು ಬಲಪಡಿಸಿದ. ಬಿಡುವಿನಲ್ಲಿ ಹಳ್ಳಿಗಾಡು ಅಲೆಯುತ್ತಿದ್ದ ಹುಡುಗರನ್ನು ಕ್ರಿಕೆಟ್, ಫುಟ್‌ಬಾಲ್ ಮೈದಾನಕ್ಕೆ ತಂದ. ಅದಕ್ಕಾಗಿ 1853ರಲ್ಲಿ ಪೋಷಕರಿಗೆ ಒಂದು ಸುತ್ತೋಲೆಯನ್ನೂ ಕಳಿಸಿದ. ಆ ಶಾಲೆಯ ಒಂದೇ ದೊಡ್ಡ ಕಟ್ಟಡದೊಳಗಿನ ಹೌಸ್‌ಗಳಿಗೆ ಬಿ1, ಸಿ3 ಎಂಬಂಥ ಹೆಸರುಗಳು. ಪ್ರತ್ಯೇಕ ಮನೆಯಿಲ್ಲದೆಯೂ, ಆಟದ ಪೈಪೋಟಿಯ ಬಲದ ಮೇಲೆ ಹೌಸ್ ನಡೆಯಬಲ್ಲದು ಎಂಬುದು ಇಲ್ಲಿ ಸಾಬೀತಾಯಿತು.

1858ರಲ್ಲಿ ಕಾಟನ್ ಕಲ್ಕತ್ತದ ಬಿಷಪ್ ಆಗಿ ಭಾರತಕ್ಕೆ ಬಂದ. ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ 1859ರಲ್ಲಿ ಶಿಮ್ಲಾದಲ್ಲಿ ಶಾಲೆಯೊಂದರ ಸ್ಥಾಪನೆಯಾಯಿತು. 1865ರಲ್ಲಿ ಬೆಂಗಳೂರಿನಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ ಸ್ಥಾಪಿಸಿದ ಶಾಲೆ ಇಂದಿಗೂ ಬಿಷಪ್ ಕಾಟನ್ ಹೆಸರನ್ನೇ ಹೊತ್ತಿದೆ. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ.ಯು. ಪೋಪ್ 1870ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದರು.

ಸೂರಿಲ್ಲದ ಹೌಸ್

ಹಗಲು ಶಾಲೆಗೆ ಹೌಸ್ ಬಂದದ್ದು ಮುಂದಿನ ಹಂತ. 1862ರಲ್ಲಿ ಆರಂಭವಾದ ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜಿನಲ್ಲಿ ಮನೆಯಿಂದ ಬಂದುಹೋಗುವ ಹುಡುಗರನ್ನೂ ನಾರ್ತ್ ಟೌನ್, ಸೌತ್ ಟೌನ್ ಎಂಬ ಹೌಸ್‌ಗಳಾಗಿ ಸೇರಿಸಲಾಯಿತು. 1902ರ ಶಿಕ್ಷಣ ಕಾಯ್ದೆಯ ನಂತರ ಬೆಳೆದ ಸರ್ಕಾರಿ ಮಾಧ್ಯಮಿಕ ಶಾಲೆಗಳು ಹಳೆಯ ವಸತಿಶಾಲೆಗಳನ್ನು ನೋಡಿ ಹೌಸ್, ಪ್ರಿಫೆಕ್ಟ್, ಶೀಲ್ಡುಗಳನ್ನು ತಂದುಕೊಂಡವು. ರಾತ್ರಿ ಮಕ್ಕಳು ಮನೆಗೆ ಹೋಗುತ್ತಿದ್ದುದರಿಂದ ಹೌಸ್ ಮಾಸ್ಟರನ ಪಾಲಿಗೆ ಉಳಿದದ್ದು ಅಂಕಗಳ ಲೆಕ್ಕ.

ಎರಡನೆಯ ಮಹಾಯುದ್ಧದ ನಂತರ ಬಂದ, ಪರೀಕ್ಷೆಯಿಂದ ಆರಿಸದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುವ ಕಾಂಪ್ರಹೆನ್ಸಿವ್ ಶಾಲೆಗಳು ಪಾಲನೆಯನ್ನು ಮರಳಿ ತರಲು ಹೊರಟವು. ಸಾವಿರ, ಎರಡು ಸಾವಿರ ಮಕ್ಕಳ ನಡುವೆ ಒಂದು ಮಗು ಕಳೆದುಹೋಗಬಾರದೆಂದು ಕಾವೆಂಟ್ರಿಯ ಶಾಲೆಗಳಲ್ಲಿ ಹೌಸ್‌ಗಳಿಗಾಗಿಯೇ ಕಟ್ಟಡಗಳನ್ನು ಕಟ್ಟಿಸಿದರು. ಊಟ, ಸಭೆಗಳು ಅಲ್ಲೇ ನಡೆಯುತ್ತಿದ್ದವು. ಆದರೆ ವಿಷಯ ಆಯ್ಕೆ, ಪರೀಕ್ಷೆ, ಉದ್ಯೋಗದ ಸಲಹೆ ಎಲ್ಲವೂ ತರಗತಿಗೆ ತಕ್ಕಂತೆ ಬರುವುದರಿಂದ ಅನೇಕ ಶಾಲೆಗಳು ಕ್ರಮೇಣ ಹೌಸ್ ಬಿಟ್ಟು ವರ್ಷವಾರು ಮುಖ್ಯಸ್ಥರನ್ನು ನೇಮಿಸಿದವು. 1974ರಲ್ಲಿ ಮೈಕೆಲ್ ಮಾರ್ಲೆಂಡ್ ಬರೆದ ‘ಪ್ಯಾಸ್ಟೋರಲ್ ಕೇರ್’ ಈ ಕೆಲಸಕ್ಕೊಂದು ಕೈಪಿಡಿಯಾಯಿತು. 1980ರಲ್ಲಿ ಬೆಸ್ಟ್, ಜಾರ್ವಿಸ್ ಮತ್ತು ರಿಬ್ಬಿನ್ಸ್ ಸಂಪಾದಿಸಿದ ಗ್ರಂಥ ಕಟುವಾದ ಪ್ರಶ್ನೆ ಎತ್ತಿತು: ಪಾಲನೆಯ ಹೆಸರಿನಲ್ಲಿ ನಡೆಯುತ್ತಿರುವುದು ಮಗುವಿನ ಹಿತವೋ, ಶಾಲೆಯ ಶಿಸ್ತೋ? ವಿಂಚೆಸ್ಟರ್ ಕೋಣೆಗಳ ಹಿರಿಯ ಹುಡುಗರ ಬಗ್ಗೆಯೂ ಇದನ್ನೇ ಕೇಳಬಹುದಿತ್ತು.

ಭಾರತದಲ್ಲಿ: ಕುಲ, ದಾನಿ, ಬೆಟ್ಟ

1875ರಲ್ಲಿ ಆರಂಭವಾದ ಅಜ್ಮೀರದ ಮೇಯೋ ಕಾಲೇಜಿನಲ್ಲಿ ಜೈಪುರ, ಜೋಧಪುರದಂಥ ಸಂಸ್ಥಾನಗಳು ತಂತಮ್ಮ ರಾಜಕುಮಾರರಿಗೆ ತಾವೇ ಹೌಸ್ ಕಟ್ಟಿಸಿದವು. ಹೀಗಾಗಿ ಅಲ್ಲಿನ ಹೌಸ್ ರಾಜಮನೆತನದ ವಿಸ್ತರಣೆಯಾಯಿತು. 1935ರ ಡೆಹ್ರಾಡೂನಿನ ಡೂನ್ ಶಾಲೆಗೆ ಈಟನ್‌ನಿಂದ ಬಂದ ಆರ್ಥರ್ ಫುಟ್ ಮೊದಲ ಮುಖ್ಯಸ್ಥರು. ಹೈದರಾಬಾದ್, ಕಾಶ್ಮೀರ, ಜೈಪುರ, ಟಾಟಾ ಎಂಬ ಹೆಸರುಗಳು ಅಲ್ಲಿ ದಾನಿಗಳನ್ನು ನೆನಪಿಸುತ್ತವೆಯೇ ಹೊರತು ಒಳಗಿರುವ ಹುಡುಗರ ಕುಲವನ್ನಲ್ಲ. 1963ರ ವಿಜಯಪುರ ಸೈನಿಕ ಶಾಲೆ ಹೊಯ್ಸಳ, ರಾಷ್ಟ್ರಕೂಟ, ಆದಿಲ್‌ಶಾಹಿಯಂಥ ಹೆಸರುಗಳಿಂದ ನಾಡಿನ ಚರಿತ್ರೆಯನ್ನೇ ಹೌಸ್‌ಗಳಿಗೆ ಹಂಚಿತು.

ಕನ್ನಡನಾಡಿನಲ್ಲಿ ವಿದ್ಯಾರ್ಥಿಯ ಯೋಗಕ್ಷೇಮ ಅದಕ್ಕೂ ಮೊದಲೇ ಬೇರೆ ದಾರಿಯಲ್ಲಿ ಸಾಗಿತ್ತು. ಊರು ಬಿಟ್ಟು ಬಂದ ಬಡ ಹುಡುಗ ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದುತ್ತಿದ್ದ. ಆ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಮುದಾಯ ಸಂಘಗಳು ಹಾಸ್ಟೆಲುಗಳನ್ನೂ, ಸಿದ್ಧಗಂಗೆ, ಧಾರವಾಡದ ಮುರುಘಾಮಠದಂಥ ಮಠಗಳು ಪ್ರಸಾದನಿಲಯಗಳನ್ನೂ ನಡೆಸಿದವು. ಅನ್ನ, ಹಾಸಿಗೆ, ಹಿರಿಯರ ಕಣ್ಗಾವಲು ಎಲ್ಲವೂ ಅಲ್ಲಿದ್ದವು. ಇರಲಿಲ್ಲವಾದದ್ದು ಹೌಸ್ ಎಂಬ ಹೆಸರು ಮತ್ತು ಶೀಲ್ಡು. ಅದೇ ಹುಡುಗ ಹಗಲು ಹೋಗುತ್ತಿದ್ದ ಶಾಲೆಗಳಿಗೆ ಮುಂದೆ ಬಣ್ಣಗಳು ಬಂದವು.

ಈ ಎರಡು ಧಾರೆಗಳು ಮತ್ತೆ ಕೂಡಿದ್ದು 1980ರ ದಶಕದ ಮಧ್ಯದಲ್ಲಿ ಆರಂಭವಾದ ಜವಾಹರ್ ನವೋದಯ ವಿದ್ಯಾಲಯಗಳಲ್ಲಿ. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಅಲ್ಲಿನ ಹೆಸರುಗಳಲ್ಲಿ ದೊರೆಯೂ ಇಲ್ಲ, ದಾನಿಯೂ ಇಲ್ಲ. ಆರನೆಯ ತರಗತಿಗೆ ಬರುವ ಹಳ್ಳಿಯ ಮಗು ಜಾತಿಯ ಗೊಡವೆಯಿಲ್ಲದೆ ಒಂದು ಹೌಸಿಗೆ ಸೇರುತ್ತದೆ. ಪಾಠ ಹೇಳುವ ಶಿಕ್ಷಕರೇ ಹೌಸ್ ಮಾಸ್ಟರಾಗಿ ಅದೇ ಆವರಣದಲ್ಲಿ ವಾಸಿಸುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ವಲಸೆ ಯೋಜನೆಯಡಿ ಹಿಂದಿ ನಾಡಿಗೆ ಹೋಗುವ ಕನ್ನಡದ ಮಗುವಿಗೆ ಅಲ್ಲೂ ಇದೇ ನಾಲ್ಕು ಹೆಸರಿನ ಹೌಸ್‌ಗಳು ಎದುರಾಗುತ್ತವೆ. ಆದರೆ ಆರ್ನಲ್ಡನ ಕಾಲದ ತೊಡಕು ಇಲ್ಲೂ ತಪ್ಪಿಲ್ಲ: ಗದರಿಸುವ ಕೈಯೇ ತಲೆ ನೇವರಿಸಬೇಕು.

ಸಮಾರೋಪ

ಪಾಲನೆ ಗಟ್ಟಿಯಾದ ಕಡೆಯಲ್ಲೆಲ್ಲ ಊಟ, ನಿದ್ದೆ, ಕಾಯಿಲೆಗಳ ಹೊಣೆ ಹೊತ್ತವರಿದ್ದರು, ಅವರು ನೋಡಿಕೊಳ್ಳಬೇಕಾದ ಮಕ್ಕಳ ಸಂಖ್ಯೆಗೊಂದು ಮಿತಿಯಿತ್ತು. ಇವೆರಡೂ ಇಲ್ಲದ ಹಗಲು ಶಾಲೆಯಲ್ಲಿ ಆ ಭಾರ ತರಗತಿಯ ಶಿಕ್ಷಕರ ಮೇಲೆ, ಹಾಸ್ಟೆಲಿನ ನಿಲಯಪಾಲಕರ ಮೇಲೆ ಬಿದ್ದಿದೆ. ಹೌಸ್ ಆಟೋಟಗಳಿಗೆ ಸೀಮಿತವಾಗಿದೆ. ಆದ್ದರಿಂದ ಕರ್ನಾಟಕದಲ್ಲಿ ವಿದ್ಯಾರ್ಥಿ ಪಾಲನೆಯ ಚರಿತ್ರೆ ಬರೆಯುವವರು ಶಾಲೆಗಳ ಟ್ರೋಫಿ ಪಟ್ಟಿಗಳಿಗಿಂತ ಮೊದಲು ಹಾಸ್ಟೆಲುಗಳ ದಾಖಲಾತಿ ಪುಸ್ತಕ, ಅಡುಗೆಮನೆಯ ಲೆಕ್ಕ, ಪ್ರಸಾದನಿಲಯಗಳ ಹಾಜರಿಗಳನ್ನು ತೆರೆಯಬೇಕಾಗುತ್ತದೆ.